ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಹುರುಳಿ, ನುಚ್ಚಕ್ಕಿ, ಹುಚ್ಚೆಳ್ಳು ಸಿಗುತ್ತಿಲ್ಲ. ಮೈಸೂರಿನಲ್ಲಿ ನೀವೆಲ್ಲ ತಿಂಗಳ ದಿನಸಿ ಎಲ್ಲಿ ತರುತ್ತೀರಿ?

ಪ್ರಶ್ನೆ: ಕುವೆಂಪುನಗರದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾವು ಕುವೆಂಪುನಗರಕ್ಕೆ ಬಂದು 26 ವರ್ಷಗಳಾದವು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಓದುತ್ತಿರುವ ಮಗ ಮತ್ತು 82 ವರ್ಷದ ನಮ್ಮ ಅತ್ತೆಯವರು ಇದ್ದೇವೆ. ಐದು ವರ್ಷಗಳ ಹಿಂದಿನವರೆಗೂ ತಿಂಗಳ ಮೊದಲ ವಾರದಲ್ಲಿ ಸಾಮಾನಿನ ಚೀಟಿ ಬರೆದು ನಮ್ಮ ರಸ್ತೆಯ ಕೊನೆಯಲ್ಲಿರುವ ದಿನಸಿ ಅಂಗಡಿಗೆ ಕೊಟ್ಟರೆ, ಸಂಜೆಯ ಹೊತ್ತಿಗೆ ಅಂಗಡಿಯ ಹುಡುಗ ಎಲ್ಲವನ್ನೂ ಸೈಕಲ್ಲಿನಲ್ಲಿ ತಂದು ಅಡುಗೆಮನೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಆಮೇಲೆ ರಿಯಾಯಿತಿ ದರದ ದೊಡ್ಡ ಸೂಪರ್ ಮಾರ್ಕೆಟ್ ಒಂದು ನಮಗೆ ಹತ್ತಿರವಾಯಿತು. ಮೊದಲ ತಿಂಗಳಿನ ಬಿಲ್ಲಿನಲ್ಲಿಯೇ ನಾನೂರು ರೂಪಾಯಿಗೂ ಹೆಚ್ಚು ಉಳಿದದ್ದನ್ನು ನೋಡಿ, ತೊಗರಿಬೇಳೆ, ಸಕ್ಕರೆ, ಎಣ್ಣೆ, ಸೋಪು ಎಲ್ಲವನ್ನೂ ಅಲ್ಲಿಯೇ ತರುವುದಕ್ಕೆ ಆರಂಭಿಸಿದೆವು.

ಆಗ ಅಲ್ಲಿ ಎಲ್ಲವೂ ಸಿಗುತ್ತಿತ್ತು. ಹುರುಳಿಕಾಳು, ಮುದ್ದೆಗೆ ಹಾಕುವ ನುಚ್ಚಕ್ಕಿ, ಚಟ್ನಿಪುಡಿಗೆ ಬೇಕಾದ ಹುಚ್ಚೆಳ್ಳು, ಕಂದುಬಣ್ಣದ ಅಚ್ಚು ಬೆಲ್ಲ, ಇವೆಲ್ಲ ಒಂದೇ ಸಾಲಿನಲ್ಲಿದ್ದವು. ಕಳೆದ ಎರಡು ವರ್ಷಗಳಲ್ಲಿ ಒಂದೊಂದಾಗಿ ಅವು ಕಾಣೆಯಾಗಿವೆ. ಮೊದಲು ಹುಚ್ಚೆಳ್ಳು ಹೋಯಿತು, ಅದರ ಹಿಂದೆಯೇ ನುಚ್ಚಕ್ಕಿ. ಹೋದ ತಿಂಗಳು ಹುರುಳಿ ಇರುತ್ತಿದ್ದ ಜಾಗಕ್ಕೆ ಹೋದರೆ, ಶೆಲ್ಫಿನ ಅಂಚಿಗೆ 'ಹುರುಳಿ 500 ಗ್ರಾಂ' ಎಂಬ ಬೆಲೆಚೀಟಿ ಹಾಗೆಯೇ ಅಂಟಿಕೊಂಡಿತ್ತು, ಅದರ ಮೇಲೆ ಓಟ್ಸ್ ಪೊಟ್ಟಣಗಳನ್ನು ಜೋಡಿಸಿದ್ದರು. ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಅವಳು ಕೈಯಲ್ಲಿದ್ದ ಯಂತ್ರದಲ್ಲಿ ಹುಡುಕಿ, "ಮೇಡಂ, ಅದು ಸಿಸ್ಟಮ್‌ನಲ್ಲೇ ಇಲ್ಲ" ಎಂದಳು. ಒಂದು ಸಾಲು ಪೂರ್ತಿ ನೂಡಲ್ಸ್, ಇನ್ನೊಂದು ಸಾಲು ಪೂರ್ತಿ ದೊಡ್ಡ ಬಿಸ್ಕತ್ತಿನ ಪೊಟ್ಟಣಗಳು, ಮತ್ತೊಂದರಲ್ಲಿ ಮಳಿಗೆಯದೇ ಹೆಸರಿನ ಬೇಳೆಕಾಳುಗಳಿದ್ದವು.

ಹೋಗಲಿ ಎಂದು ನಮ್ಮ ಹಳೆಯ ಅಂಗಡಿಗೆ ಹೋದೆ. ಅವರೂ ಹುರುಳಿ ತರಿಸುವುದನ್ನು ಬಿಟ್ಟು ಒಂದು ವರ್ಷವಾಯಿತಂತೆ. ಸೂಪರ್ ಮಾರ್ಕೆಟ್ಟಿನವರು ನಿಲ್ಲಿಸಿದ್ದಕ್ಕಿಂತ ಈ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಚಳಿಗಾಲದಲ್ಲಿ ಅತ್ತೆಯವರಿಗೆ ಹುರುಳಿ ಕಟ್ಟಿನ ಸಾರು ಇಲ್ಲದಿದ್ದರೆ ಊಟವೇ ಸೇರುವುದಿಲ್ಲ.

ನಾನು ತಿಳಿಯಬೇಕಾಗಿರುವುದು ಇಷ್ಟು. ಇಂಥ ಮಳಿಗೆಗಳು ಯಾವ ಸರಕನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಹೇಗೆ ನಿರ್ಧರಿಸುತ್ತವೆ? ನಮ್ಮ ಬೀದಿಯ ಅಂಗಡಿಗಳೂ ಏಕೆ ಅದೇ ದಾರಿ ಹಿಡಿದಿವೆ? ಮೈಸೂರಿನಲ್ಲಿ ನೀವು ತಿಂಗಳ ಪಟ್ಟಿಯನ್ನು ಯಾವ ರೀತಿ ಹಂಚಿಕೊಂಡು ತರುತ್ತಿದ್ದೀರಿ?

ಉತ್ತರ: ಒಂಟಿಕೊಪ್ಪಲಿನ ಅಂಗಡಿಯವನು

ಅಮ್ಮಾ, ನಾನು ಒಂಟಿಕೊಪ್ಪಲಿನಲ್ಲಿ ನಮ್ಮ ತಂದೆಯವರು ಆರಂಭಿಸಿದ ದಿನಸಿ ಅಂಗಡಿಯನ್ನು ನಡೆಸುತ್ತಿದ್ದೇನೆ. ನಿಮ್ಮ ರಸ್ತೆಯ ಅಂಗಡಿಯವರನ್ನು ದಯವಿಟ್ಟು ತಪ್ಪು ತಿಳಿಯಬೇಡಿ. ಅವರಿಗೆ ಏನಾಗಿದೆಯೋ ನನಗೂ ಅದೇ ಆಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ದಿನಸಿ ಅಂಗಡಿಯಲ್ಲಿ ಎರಡು ಬಗೆಯ ಸರಕು ಇರುತ್ತದೆ. ತೊಗರಿಬೇಳೆ, ಸಕ್ಕರೆ, ಅಕ್ಕಿ, ಎಣ್ಣೆ, ರವೆ ಇವು ಓಡುವ ಸರಕು. ಸೋಮವಾರ ಸಂತೇಪೇಟೆಯಿಂದಲೋ ಬಂಡೀಪಾಳ್ಯದ ಎಪಿಎಂಸಿಯಿಂದಲೋ ಮೂಟೆ ಇಳಿಸಿದರೆ ಮುಂದಿನ ಸೋಮವಾರದ ಹೊತ್ತಿಗೆ ಹಾಕಿದ ದುಡ್ಡು ಗಲ್ಲಾಪೆಟ್ಟಿಗೆಗೆ ವಾಪಸು ಬಂದಿರುತ್ತದೆ. ಹುರುಳಿ, ಹುಚ್ಚೆಳ್ಳು, ನುಚ್ಚಕ್ಕಿ, ಅಲಸಂದೆ, ಒಣ ಅವರೆಕಾಳು, ಸಬ್ಬಕ್ಕಿ, ಹಿಪ್ಪಲಿ ಇವು ಕೂತಿರುವ ಸರಕು. ಹುರುಳಿಯ ಮೂಟೆ ತಂದರೆ ಅದು ಮುಗಿಯಲು ನನ್ನ ಅಂಗಡಿಯಲ್ಲಿ ನಾಲ್ಕು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಮಳೆಗಾಲ ಬಂದರೆ ತಳದ ಐದಾರು ಕಿಲೋಗೆ ಹುಳ ಬಿದ್ದು, ಬಂದ ಲಾಭವೆಲ್ಲ ಅದರಲ್ಲೇ ಹೋಗುತ್ತದೆ. ಹಾಗಿದ್ದರೂ ನಮ್ಮ ತಂದೆಯವರು 30 ವರ್ಷ ಹುರುಳಿ ಇಟ್ಟರು. ಅದನ್ನು ಇಡಲು ಸಾಧ್ಯವಾದದ್ದು ತೊಗರಿಬೇಳೆಯ ಬಲದಿಂದ. ಓಡುವ ಸರಕಿನ ಲಾಭ ಕೂತ ಸರಕಿನ ಭಾರವನ್ನು ಹೊರುತ್ತಿತ್ತು. ತಿಂಗಳ ಚೀಟಿಯಲ್ಲಿ ಇಪ್ಪತ್ತೈದು ಸಾಮಾನು ಬರೆಯುವ ಮನೆಯವರು, ಇಪ್ಪತ್ತಾರನೆಯದಾಗಿ ಅರ್ಧ ಕಿಲೋ ಹುರುಳಿ ಬರೆದರೆ ಇಲ್ಲ ಎನ್ನಲು ನಮ್ಮ ತಂದೆಯವರಿಗೆ ಬಾಯಿ ಬರುತ್ತಿರಲಿಲ್ಲ.

ಈಗ ಆ ಇಪ್ಪತ್ತೈದು ಸಾಮಾನು ದೊಡ್ಡ ಮಳಿಗೆಗೆ ಹೋಗಿದೆ. ನನ್ನಲ್ಲಿಗೆ ಬರುವವರು ಒಂದು ಇಂಗಿನ ಡಬ್ಬಿ, ಕಾಲು ಕಿಲೋ ಹುಣಸೆಹಣ್ಣು, ಗಡಿಬಿಡಿಯಲ್ಲಿ ಅರ್ಧ ಲೀಟರ್ ಹಾಲು ಕೇಳಿಕೊಂಡು ಬರುತ್ತಾರೆ. ಬರುವವರನ್ನು ನಾನು ಯಾವತ್ತೂ ಪ್ರೀತಿಯಿಂದಲೇ ಕಾಣುತ್ತೇನೆ. ಆದರೆ ಆ ವ್ಯಾಪಾರದಲ್ಲಿ ನಾಲ್ಕು ತಿಂಗಳು ಕೂರುವ ಮೂಟೆಗೆ ದುಡ್ಡು ಹಾಕುವ ಶಕ್ತಿ ನನಗಿಲ್ಲ. ಮನೆಯವರು ತೊಗರಿಬೇಳೆಯನ್ನು ನನ್ನಿಂದ ತೆಗೆದುಕೊಳ್ಳುವುದನ್ನು ಬಿಟ್ಟ ದಿನವೇ ಹುರುಳಿಯೂ ಹೊರಡುವುದಕ್ಕೆ ಸಿದ್ಧವಾಯಿತು. ಗಿರಾಕಿಗಳಿಗೆ ಅದು ಗೊತ್ತಾಗುವುದು ಒಂದೆರಡು ವರ್ಷ ಕಳೆದ ಮೇಲೆ, ಅಷ್ಟೆ.

ಇನ್ನೊಂದು ವಿಷಯ. ಬಿಡಿಯಾಗಿ ತೂಗಿ ಕೊಡುವ ವ್ಯಾಪಾರದಲ್ಲಿ ನೋಡಿ ಕೊಳ್ಳುವ ಅನುಕೂಲವಿತ್ತು. ತೊಗರಿಬೇಳೆಯ ಮೂಟೆ ಇಳಿದ ಕೂಡಲೇ ನಮ್ಮ ತಂದೆಯವರು ಒಂದು ಹಿಡಿ ತೆಗೆದು ಅಂಗೈಯ ಮೇಲೆ ಹರಡಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದರು. ಬೆರಳಿಗೆ ಜಿಡ್ಡು ಹತ್ತಿದರೆ ಎಣ್ಣೆ ಹಾಕಿ ಹೊಳಪು ಬರಿಸಿದ ಬೇಳೆ ಎಂದು ಗೊತ್ತಾಗುತ್ತಿತ್ತು. ಆಮೇಲೆ ಎರಡು ಬೇಳೆಯನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಿದ್ದರು. ಟಕ್ಕೆಂದು ಮುರಿದರೆ ಚೆನ್ನಾಗಿ ಒಣಗಿದ ಮಾಲು, ಮೆತ್ತಗೆ ಒಡೆದರೆ ಹಸಿಯಿದೆ, ಇಟ್ಟರೆ ಹುಳ ಬೀಳುತ್ತದೆ ಎಂದು ಮೂಟೆಯನ್ನು ಹಿಂದಕ್ಕೆ ಕಳಿಸಿದ್ದೂ ಉಂಟು. ಇದೇ ಪರೀಕ್ಷೆಯನ್ನು ಗಿರಾಕಿಯೂ ಅಂಗಡಿಯ ಮುಂದೆ ನಿಂತು ಮಾಡಬಹುದಿತ್ತು.

ತೆರಿಗೆಯ ವಿಚಾರವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಮಂದಿಗೆ ಇದು ತಿಳಿದಿಲ್ಲ. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ 5ರಷ್ಟು ಜಿಎಸ್‌ಟಿ ಬಂದಿತು. ಮೂಟೆ ಬಿಚ್ಚಿ ಗಿರಾಕಿಯ ಎದುರಿನಲ್ಲಿ ತೂಗಿ ಕೊಡುವ ಬಿಡಿ ಬೇಳೆಕಾಳಿಗೆ ಆ ತೆರಿಗೆ ಇಲ್ಲ. ಅಕ್ಕಿ ಗಿರಣಿಯವರು 26 ಕಿಲೋ ಮೂಟೆ ಮಾಡಲು ಆರಂಭಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ದೊಡ್ಡ ಮಳಿಗೆಯ ಪೊಟ್ಟಣದ ಬೇಳೆಯನ್ನೂ ನಮ್ಮ ಬಿಡಿ ಬೇಳೆಯನ್ನೂ ಹೋಲಿಸುವಾಗ, ಅದೇ ದರ್ಜೆಯ ಬೇಳೆಯನ್ನು ಹೋಲಿಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತುಗಳಲ್ಲಿ ಅವರ ಬೆಲೆಗೆ ನಾನು ಸರಿಸಾಟಿಯಾಗಲಾರೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವರು ಲಾರಿಗಟ್ಟಲೆ ಕೊಂಡು ಕಂಪನಿಗೆ ಬೇಗ ಹಣ ಕೊಡುತ್ತಾರೆ, ನನಗೆ ವಿತರಕನಿಂದ ಬರುವ ದರವೇ ಅವರು ಮಾರುವ ದರಕ್ಕಿಂತ ಕೆಲವೊಮ್ಮೆ ಹೆಚ್ಚಿರುತ್ತದೆ. ಬೇಳೆಯಲ್ಲಿ ಹಾಗಿಲ್ಲ.

ಉತ್ತರ: ಸರಸ್ವತಿಪುರಂ ನಿವಾಸಿ

ಮಳಿಗೆಗಳು ಹೇಗೆ ನಿರ್ಧರಿಸುತ್ತವೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ನಾನು ಕೆಲಸದ ಮೇಲೆ ಏಳು ವರ್ಷ ಜರ್ಮನಿಯಲ್ಲಿದ್ದೆ. ಈ ಬಗೆಯ ಅಗ್ಗದ ಮಳಿಗೆಯ ಕ್ರಮವನ್ನು ರೂಢಿಸಿದವರಲ್ಲಿ ಅಲ್ಲಿನ ಆಲ್ಡಿ ಎಂಬ ಮಳಿಗೆಗಳ ಸರಣಿ ಮುಖ್ಯವಾದುದು. ಎಸ್ಸೆನ್ ಪಟ್ಟಣದಲ್ಲಿ ತಾಯಿ ನಡೆಸುತ್ತಿದ್ದ ಸಣ್ಣ ಅಂಗಡಿಯನ್ನು ಆಲ್ಬ್ರೆಕ್ಟ್ ಸಹೋದರರು ಎರಡನೆಯ ಮಹಾಯುದ್ಧದ ನಂತರ ವಹಿಸಿಕೊಂಡು ಬೆಳೆಸಿದರು. ಆ ಅಂಗಡಿಯೂ ನಮ್ಮ ಒಂಟಿಕೊಪ್ಪಲಿನ ಅಂಗಡಿಯಂಥದ್ದೇ ಆಗಿತ್ತು ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ. ಯುದ್ಧಾನಂತರದ ಬಡತನದಲ್ಲಿ ಅವರು ಹಿಡಿದ ದಾರಿಯೆಂದರೆ, ಬಗೆಗಳನ್ನು ಕಡಿಮೆ ಮಾಡಿ ಒಂದೊಂದು ಬಗೆಯನ್ನೂ ಅಪಾರವಾಗಿ ಮಾರುವುದು. ಸಾಮಾನ್ಯವಾದ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ಸರಕಿದ್ದರೆ, ಅಲ್ಲಿ ಇಂದಿಗೂ ನಿತ್ಯ ಸಿಗುವುದು ಎರಡು ಸಾವಿರದ ಆಸುಪಾಸು ಮಾತ್ರ, ಅದರಲ್ಲಿಯೂ ಬಹುಪಾಲು ಮಳಿಗೆಯದೇ ಹೆಸರಿನವು.

ಇಂಥ ವ್ಯಾಪಾರದಲ್ಲಿ ಶೆಲ್ಫಿನ ಪ್ರತಿ ಅಡಿಯೂ ವಾರಕ್ಕೆ ಇಷ್ಟು ದುಡಿಯಲೇಬೇಕು ಎಂಬ ಲೆಕ್ಕವಿರುತ್ತದೆ. ಒಂದು ಸರಕನ್ನು ಹತ್ತು ಮನೆಯವರು ಎಷ್ಟು ಪ್ರೀತಿಯಿಂದ ಕೊಳ್ಳುತ್ತಾರೆ ಎಂಬುದು ಆ ಲೆಕ್ಕಕ್ಕೆ ಕಾಣಿಸುವುದಿಲ್ಲ, ಎಷ್ಟು ಪೊಟ್ಟಣ ಹೋಯಿತು ಎಂಬುದಷ್ಟೇ ಕಾಣಿಸುತ್ತದೆ. ಅಲ್ಲಿ ಕೆಲವೊಮ್ಮೆ 'ಏಷ್ಯಾ ವಾರ' ಎಂದು ಮಾಡಿ ತೆಂಗಿನ ಹಾಲು, ಬಾಸ್ಮತಿ ಅಕ್ಕಿ, ಮಸಾಲೆ ಪದಾರ್ಥಗಳನ್ನು ತರುತ್ತಿದ್ದರು. ನಾವು ಭಾರತೀಯರು ನಾಲ್ಕೈದು ಮನೆಯವರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಓಡುತ್ತಿದ್ದೆವು. ಮುಗಿದರೆ ಮುಗಿಯಿತು, ಮತ್ತೆ ತರಿಸಿ ಎಂದು ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮೈಸೂರಿನಲ್ಲಿಯೂ ಈಗ ಸಂಕ್ರಾಂತಿಯ ಹದಿನೈದು ದಿನ ಎಳ್ಳು ಬೆಲ್ಲದ ಸಿದ್ಧ ಪೊಟ್ಟಣಗಳು ಮಳಿಗೆಯ ಬಾಗಿಲಲ್ಲಿಯೇ ರಾಶಿ ಬೀಳುತ್ತವೆ, ಹಬ್ಬ ಕಳೆದ ಮೇಲೆ ಬಿಳಿ ಎಳ್ಳನ್ನು ಹುಡುಕಬೇಕಾಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಆ ಏಷ್ಯಾ ವಾರ ನೆನಪಾಗುತ್ತದೆ. ನಮ್ಮ ಊರಿನಲ್ಲಿಯೇ ನಮ್ಮ ಆಹಾರ ಅತಿಥಿಯಂತೆ ಬಂದು ಹೋಗುವುದನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ ಇರಲಿ. ಪೊಟ್ಟಣದ ಮೇಲೆ ಎಂಆರ್‌ಪಿಯ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೀಳುತ್ತದೆ ಎಂಬ ದರವನ್ನೂ ಮುದ್ರಿಸಬೇಕೆಂಬ ನಿಯಮವಿದೆ. ಅದನ್ನೇ ನೋಡಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಆದರೆ ನೋಡುವುದಕ್ಕೆ ಅಷ್ಟೇ ದೊಡ್ಡದಾಗಿ ಕಾಣುವ, ಅದಕ್ಕಿಂತ ಕಡಿಮೆ ತೂಕದ ಪೊಟ್ಟಣಗಳೂ ಪಕ್ಕದಲ್ಲಿಯೇ ಇರುತ್ತವೆ.

ಉತ್ತರ: ಮಂಡ್ಯ, ವಿದ್ಯಾನಗರ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ಮನೆಯಲ್ಲಿ ಒಬ್ಬರ ಸಂಬಳದಲ್ಲಿ ಐದು ಜನ ಬದುಕಬೇಕು. ನಾನು ಹಿಂದೆ ಸಾಮಾನು ತರುತ್ತಿದ್ದ ಅಂಗಡಿಯಲ್ಲಿ ಬಾಕಿ ಪುಸ್ತಕ ಇಟ್ಟಿದ್ದರು. ತಿಂಗಳ ಕೊನೆಗೆ ಕೊಡುವುದು ಅನುಕೂಲವಾಗಿತ್ತು ನಿಜ, ಆದರೆ ಸಾಲದಲ್ಲಿ ತೆಗೆದುಕೊಂಡವರಿಗೆ ದರ ಕೇಳುವ ಧೈರ್ಯ ಇರುತ್ತಿರಲಿಲ್ಲ. ಬೇಳೆಯಲ್ಲಿ ಕಲ್ಲು ಬಂದರೂ ಸುಮ್ಮನಿರುತ್ತಿದ್ದೆವು. ದೊಡ್ಡ ಮಳಿಗೆಯಲ್ಲಿ ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಇರುವ ದರದಲ್ಲಿಯೇ, ನನ್ನ ಕೈಯಲ್ಲಿರುವ ಹಣಕ್ಕೆ ತಕ್ಕಷ್ಟು ತೆಗೆದುಕೊಂಡು ಬರಬಹುದು. ಮಕ್ಕಳ ಸೋಪು, ಎಣ್ಣೆ, ಬಟ್ಟೆ ಒಗೆಯುವ ಪುಡಿಗಳಲ್ಲಿ ಉಳಿಯುವ ಹಣ ನಮ್ಮಂಥವರಿಗೆ ದೊಡ್ಡದು. ಒಂಟಿಕೊಪ್ಪಲಿನ ಅಣ್ಣನವರು ಬರೆದದ್ದನ್ನು ಓದಿ ನನಗೆ ಬೇಸರವಾಯಿತು. ಎಲ್ಲ ಅಂಗಡಿಯವರೂ ಅವರ ತಂದೆಯವರಂತೆ ಬೇಳೆಯನ್ನು ಕಡಿದು ನೋಡಿ ಇಳಿಸಿಕೊಳ್ಳುತ್ತಿದ್ದರೆ ನಾನು ಅಂಗಡಿಯನ್ನು ಬಿಡುತ್ತಿರಲಿಲ್ಲ.

ಬೆಲ್ಲವನ್ನು ಮಾತ್ರ ನಾವು ಮಳಿಗೆಯಲ್ಲಿ ಕೊಳ್ಳುವುದಿಲ್ಲ. ಮಂಡ್ಯದಲ್ಲಿದ್ದುಕೊಂಡು ಹೊಳೆಯುವ ಹಳದಿ ಬೆಲ್ಲದ ಪೊಟ್ಟಣ ತರುವುದು ನಾಚಿಕೆಯ ವಿಷಯ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕಿದರೆ ಬೆಲ್ಲಕ್ಕೆ ಆ ತಿಳಿ ಬಣ್ಣ ಬರುತ್ತದೆ. ಹಾಕದಿದ್ದರೆ ಕಂದಾಗಿಯೇ ಉಳಿಯುತ್ತದೆ. ಪೇಟೆಯ ಗಿರಾಕಿ ಬಣ್ಣ ನೋಡಿ ಕೊಳ್ಳುವುದರಿಂದ ಕಂದು ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಸಿಗುತ್ತಿರಲಿಲ್ಲ, ಈಗ ಅದೇ ಕಂದು ಬೆಲ್ಲವನ್ನು ಚಂದದ ಡಬ್ಬಿಯಲ್ಲಿ ಹಾಕಿ ಹೆಚ್ಚಿನ ಬೆಲೆಗೆ ಮಾರುವುದನ್ನೂ ನೋಡುತ್ತಿದ್ದೇನೆ. ನೀವು ಮಂಡ್ಯದ ಕಡೆ ಬಂದಾಗ ಆಲೆಮನೆಯಲ್ಲಿಯೇ ನಿಂತು, ಎದುರಿಗೆ ಅಚ್ಚಿಗೆ ಹೊಯ್ದದ್ದನ್ನು ನೋಡಿ ಕೊಳ್ಳಿ. ಬಿಸಿ ಆರುವುದಕ್ಕೆ ಮೊದಲು ಮುರಿದರೆ ಒಳಗೆ ಸಣ್ಣ ಹರಳು ಹರಳಾಗಿ ಕಾಣುತ್ತದೆ. ಆ ಬೆಲ್ಲವನ್ನು ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ನಮಗೆ ಯುಗಾದಿಯಿಂದ ಗೌರಿ ಹಬ್ಬದವರೆಗೂ ಬರುತ್ತದೆ.

ಉತ್ತರ: ನಾಗಮಂಗಲದ ರೈತ ಕುಟುಂಬದವನು

ಹುಚ್ಚೆಳ್ಳು ಏಕೆ ಮೊದಲು ಹೋಯಿತು ಎಂಬುದಕ್ಕೆ ನಮ್ಮ ಹೊಲದಲ್ಲಿ ಉತ್ತರವಿದೆ. ನಮ್ಮ ಕಡೆ ಹುಚ್ಚೆಳ್ಳನ್ನು ಅದೊಂದನ್ನೇ ಬೆಳೆಯುವವರು ಕಡಿಮೆ. ರಾಗಿ ಹೊಲದ ನಡುವೆ ಅಕ್ಕಡಿ ಸಾಲು ಬಿಟ್ಟು, ಆ ಸಾಲಿನಲ್ಲಿ ಅವರೆ, ತೊಗರಿ, ಜೋಳದ ಜೊತೆಗೆ ಹುಚ್ಚೆಳ್ಳನ್ನೂ ಹಾಕುತ್ತಿದ್ದೆವು. ರಾಗಿ ತೆನೆ ಕಟ್ಟುವ ಹೊತ್ತಿಗೆ ಹೊಲದಲ್ಲಿ ಹಳದಿ ಗೆರೆ ಎಳೆದಂತೆ ಅದು ಹೂ ಬಿಡುತ್ತಿತ್ತು. ಒಂದು ಮನೆಗೆ ಬರುವ ಫಸಲು ಹತ್ತು ಹನ್ನೆರಡು ಸೇರು. ಮನೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ನಮ್ಮ ತಾಯಿ ಸಂತೆಗೆ ಒಯ್ಯುತ್ತಿದ್ದರು, ಸಂತೆಯ ವ್ಯಾಪಾರಿ ಇಪ್ಪತ್ತು ಮನೆಯದನ್ನು ಸೇರಿಸಿ ಮೈಸೂರಿಗೆ ಕಳಿಸುತ್ತಿದ್ದ. ಒಂದೇ ಹದದ ಕಾಳನ್ನು ಟನ್ನುಗಟ್ಟಲೆ ಕೇಳುವ ದೊಡ್ಡ ಖರೀದಿದಾರನಿಗೆ ಇಷ್ಟಿಷ್ಟೇ ಬರುವ ಸರಕು ಒಗ್ಗುವುದಿಲ್ಲ. ಈಗ ಯಂತ್ರದಲ್ಲಿ ರಾಗಿ ಕೊಯ್ಯಿಸುವುದರಿಂದ ಅಕ್ಕಡಿ ಸಾಲು ಅಡ್ಡವಾಗುತ್ತದೆಂದು ಬಿಟ್ಟವರೇ ಹೆಚ್ಚು.

ಹುರುಳಿ ಹಾಗಲ್ಲ, ಇನ್ನೂ ಬೆಳೆಯುತ್ತೇವೆ. ಮುಂಗಾರಿನಲ್ಲಿ ಎಳ್ಳು ಕೊಯ್ದ ಹೊಲಕ್ಕೆ ಹಿಂಗಾರಿನಲ್ಲಿ ಹುರುಳಿ ಚೆಲ್ಲಿದರೆ ಇಬ್ಬನಿಗೇ ಬೆಳೆದುಬಿಡುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹೊಸ ಹುರುಳಿ ಕಣಕ್ಕೆ ಬರುತ್ತದೆ. ಅಮ್ಮನವರು ವರ್ಷಕ್ಕೆ ಬೇಕಾದಷ್ಟನ್ನು ಆಗಲೇ ಕೊಳ್ಳುವುದು ಒಳ್ಳೆಯದು. ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಒಲೆಯ ಬೂದಿ ಬೆರೆಸಿ ಡಬ್ಬಿಗೆ ತುಂಬಿದರೆ ಹುಳ ಬೀಳುವುದಿಲ್ಲ. ತೊಗರಿ, ಅವರೆ ಕಾಳಿಗೆ ನಾವು ಕೆಮ್ಮಣ್ಣು ಕಟ್ಟುತ್ತೇವೆ. ಬೂದಿಗೆ ಒಲೆ ಇಲ್ಲ ಎನ್ನುವಿರಾದರೆ, ಬಿಸಿಲೊಂದನ್ನಾದರೂ ತಪ್ಪಿಸಬೇಡಿ.

ಉತ್ತರ: ಅಗ್ರಹಾರದ ಹಿರಿಯರು

ಸಂತೇಪೇಟೆಯಲ್ಲಿ ಹುರುಳಿ, ಅಲಸಂದೆ, ನುಚ್ಚಕ್ಕಿ ಈಗಲೂ ಧಾರಾಳವಾಗಿ ಸಿಗುತ್ತವೆ. ನಾನು ಹೋದ ವಾರವಷ್ಟೇ ತಂದಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಮೊದಲೇ ಹೋಗಿ, ಆಮೇಲೆ ಸರಕಿನ ಗಾಡಿಗಳ ನಡುವೆ ನಡೆಯುವುದೂ ಕಷ್ಟ. ತರಕಾರಿ, ವೀಳ್ಯದೆಲೆ, ಬಾಳೆಹಣ್ಣಿಗೆ ನಾನು ದೇವರಾಜ ಮಾರುಕಟ್ಟೆಯನ್ನು ಬಿಟ್ಟಿಲ್ಲ. 2016ರಲ್ಲಿ ಅದರ ಒಂದು ಭಾಗ ಕುಸಿದ ಮೇಲೆ ಅನೇಕರು ಅತ್ತ ಹೋಗುವುದನ್ನು ಕಡಿಮೆ ಮಾಡಿದರು, ವಾಹನ ನಿಲ್ಲಿಸುವ ಕಷ್ಟವೂ ಇದೆ. ನಾನು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೊತ್ತು ತರುವಷ್ಟೇ ಕೊಳ್ಳುವುದರಿಂದ ಮನೆಯಲ್ಲಿ ಏನೂ ಕೊಳೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಕುವೆಂಪುನಗರದ ಗೃಹಿಣಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂಟಿಕೊಪ್ಪಲಿನವರ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಹುರುಳಿಯನ್ನು ಅಂಗಡಿಯಿಂದ ಹೊರಗೆ ಕಳಿಸಿದವರಲ್ಲಿ ನಾನೂ ಒಬ್ಬಳು ಎಂದು ಆಗ ಅರ್ಥವಾಯಿತು. ನಿನ್ನೆ ಸಂಜೆ ನಮ್ಮ ರಸ್ತೆಯ ಅಂಗಡಿಗೆ ಹೋಗಿ, ಇನ್ನು ಮುಂದೆ ಬೇಳೆಕಾಳು, ಅಕ್ಕಿ, ಹಿಟ್ಟು, ಮೆಣಸಿನಕಾಯಿ, ಹುಣಸೆಹಣ್ಣುಗಳ ಚೀಟಿಯನ್ನು ಪ್ರತಿ ತಿಂಗಳೂ ಅವರಿಗೇ ಕೊಡುತ್ತೇನೆ ಎಂದು ಹೇಳಿದೆ. ಸೋಪು, ಎಣ್ಣೆ, ಪುಡಿಗಳನ್ನು ಮಾತ್ರ ದೊಡ್ಡ ಮಳಿಗೆಯಲ್ಲಿ ತರುತ್ತೇನೆ, ಅದನ್ನೂ ಅವರಿಗೆ ಮುಚ್ಚಿಡದೆ ತಿಳಿಸಿದೆ. ಮಂಡ್ಯದವರು ಹೇಳಿದ ಕಷ್ಟ ನಮಗೆ ಈಗ ಇಲ್ಲದಿರುವುದರಿಂದ ಇಷ್ಟು ಮಾಡಬಲ್ಲೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಮನೆಗೆ ಮೂಟೆ ತರಿಸಲಾರೆನಮ್ಮ, ಇನ್ನೂ ಮೂರು ನಾಲ್ಕು ಮನೆಯವರು ಸೇರಿದರೆ ತರಿಸುತ್ತೇನೆ" ಎಂದರು. ಎದುರು ಮನೆಯವರೂ ಮೇಲಿನ ಮನೆಯ ಬಾಡಿಗೆಯವರೂ ಒಪ್ಪಿದ್ದಾರೆ, ಹಿಂದಿನ ರಸ್ತೆಯ ನನ್ನ ಗೆಳತಿ ಒಂದೂವರೆ ಕಿಲೋ ಹುರುಳಿ ಬರೆಸಿದ್ದಾರೆ. ಹುಚ್ಚೆಳ್ಳನ್ನು ಈ ವರ್ಷ ಅಕ್ಕಡಿಯಲ್ಲಿ ಹಾಕಿರುವವರು ನಾಗಮಂಗಲದ ಕಡೆ ಯಾರಾದರೂ ಇದ್ದರೆ ತಿಳಿಸಿ, ನಮ್ಮ ನಾಲ್ಕು ಮನೆಗೆ ಒಟ್ಟು ಮೂರು ಸೇರು ಬೇಕು, ನಮ್ಮ ಯಜಮಾನರೇ ಬಂದು ತೆಗೆದುಕೊಂಡು ಹೋಗುತ್ತಾರೆ.